ಅಡುಗೆಮನೆಯ ಹಿಂಬಾಗಿಲು ಮುಚ್ಚಿದ ಮಹನೀಯರಿಗೆ

ಬಂಟ್ವಾಳ ಪೇಟೆ
20 ಆಗಸ್ಟ್ 2007

ಇವರಿಗೆ,
ಮುಖ್ಯಸ್ಥರು, ಕರ್ನೆಲ್ ಭದ್ರತಾ ದುರಸ್ತಿ ವಿಭಾಗ
(ಊರು ಯಾವುದೆಂದು ಕಂಪ್ಯೂಟರಿನ ಜೊತೆ ಬಂದ ತಮ್ಮ ಸಿ.ಡಿ.ಯ ಡಬ್ಬಿಯ ಮೇಲೆ ಬರೆದಿರಲಿಲ್ಲ)

ವಿಷಯ: ತಮ್ಮ ಅತ್ಯುತ್ತಮ ದುರಸ್ತಿಯಿಂದ ಉಂಟಾದ ಕಷ್ಟಕ್ಕಾಗಿ ಹೃತ್ಪೂರ್ವಕ ಅಭಿನಂದನೆ.

ಮಾನ್ಯರೇ,

ಬಂಟ್ವಾಳ ಪೇಟೆಯ ಸುಬೋಧ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ಮತ್ತು ಸೈಬರ್ ಸೆಂಟರಿನ ಮಾಲಕಿ ವಿನೋದಾ ಎಂಬ ನಾನು, ನೇತ್ರಾವತಿಯ ನೀರು ನನ್ನ ಅಂಗಡಿಯ ಎರಡನೆಯ ಮೆಟ್ಟಿಲಿನವರೆಗೆ ಬಂದು ಒಳಗೆ ಬರುವುದೋ ಬೇಡವೋ ಎಂದು ಆಲೋಚಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ತಮಗೂ ತಮ್ಮ ಸಮಸ್ತ ಸಿಬ್ಬಂದಿಗೂ ನಮಸ್ಕಾರಗಳನ್ನು ಸಲ್ಲಿಸಿ ಬರೆಯುತ್ತಿರುವ ಬಹಿರಂಗ ಪತ್ರವಿದು. ಬಹಿರಂಗ ಎಂದರೆ ಇದನ್ನು ನನ್ನ ಶಟರಿಗೆ ಅಂಟಿಸಿದ್ದೇನೆ. ತಮ್ಮ ವಿಳಾಸ ತಿಳಿಯದ್ದರಿಂದ ಸದ್ಯಕ್ಕೆ ಇರುವುದು ಅದೊಂದೇ ಪ್ರತಿ. ಅರ್ಜಿ, ದೂರು, ಕ್ಷಮಾಪಣೆಗಳನ್ನು ಎಡಗಡೆ ಎಷ್ಟು ಜಾಗ ಬಿಟ್ಟು, ಎಷ್ಟು ವಿನಯ ಸೇರಿಸಿ ಟೈಪ್ ಮಾಡಬೇಕೆಂದು ಇಪ್ಪತ್ತಾರು ವರ್ಷ ಕಲಿಸಿದವಳು ನಾನು. ಆದ್ದರಿಂದ ಈ ಪತ್ರದಲ್ಲಿ ಎಲ್ಲಾದರೂ ಮರ್ಯಾದೆ ಕಡಿಮೆಯಾದಂತೆ ಕಂಡರೆ ಅದು ಕೈತಪ್ಪಲ್ಲ, ಬೇಕೆಂದೇ ಮಾಡಿದ್ದು ಎಂದು ತಿಳಿಯಬೇಕಾಗಿ ವಿನಂತಿ.

ಮೊದಲಿಗೆ ಅಭಿನಂದನೆ. ಆಗಸ್ಟ್ ಎಂಟರ ಬುಧವಾರ ಬೆಳಿಗ್ಗೆ, ನಾನು ಕರೆಯದೆ, ಕೇಳದೆ, ತಾವು ನನ್ನ ನಾಲ್ಕೂ ಕಂಪ್ಯೂಟರುಗಳೊಳಗೆ ಏಕಕಾಲಕ್ಕೆ ದಯಮಾಡಿಸಿ ಅವುಗಳ ಕರ್ನೆಲ್‌ನಲ್ಲಿದ್ದ ತೂತೊಂದನ್ನು ಮುಚ್ಚಿದಿರಿ. ಮುಚ್ಚಿದ ಮೇಲೆ, 'ಯಂತ್ರವನ್ನು ಈಗಲೇ ಆರಿಸಿ ಹೊತ್ತಿಸಲೇ, ಐದು ನಿಮಿಷ ಬಿಟ್ಟು ಹೊತ್ತಿಸಲೇ' ಎಂದು ಕೇಳಿದ ತಮ್ಮ ಸೌಜನ್ಯವನ್ನು ನಾನು ಮರೆಯಲಾರೆ. 'ಬೇಡ' ಎಂಬ ಗುಂಡಿಯನ್ನು ತಾವು ಇಟ್ಟಿರಲಿಲ್ಲ. ನಮ್ಮ ಕಡೆಯ ಮದುವೆಗಳಲ್ಲಿಯೂ 'ಒಂದು ಹೋಳಿಗೆಯೋ ಎರಡೋ' ಎಂದು ಕೇಳುತ್ತಲೇ ಬಡಿಸಿಬಿಡುವ ಕ್ರಮವಿದೆ, ಆದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುವಷ್ಟು ಸ್ವಾತಂತ್ರ್ಯ ಉಣ್ಣುವವನಿಗೆ ಇರುತ್ತದೆ.

ಶಟರಿನ ಮುಂದೆ ಕೊಡೆ ಹಿಡಿದು ಇದನ್ನು ಓದುತ್ತಿರುವ ನೆರೆಕರೆಯವರಿಗಾಗಿ ಕರ್ನೆಲ್ ಎಂದರೇನೆಂದು ಎರಡು ಮಾತು ಹೇಳಬೇಕಾಗಿದೆ. ತಾವು ಬಲ್ಲವರು, ಈ ಪ್ಯಾರಾವನ್ನು ದಾಟಿ ಮುಂದೆ ಹೋಗಬಹುದು. ಕರ್ನೆಲ್ ಎಂದರೆ ಕಂಪ್ಯೂಟರಿನ ಅಡುಗೆಮನೆ. ಉಳಿದ ಕಾರ್ಯಕ್ರಮಗಳೆಲ್ಲ, ಎಂದರೆ ಪ್ರೋಗ್ರಾಮುಗಳೆಲ್ಲ, ಚಾವಡಿಯಲ್ಲಿ ಕೂರಬೇಕಾದ ನೆಂಟರು. ಅವರು ಬೇಕಾದ್ದನ್ನು ಕೇಳಬೇಕು, ಒಳಗಿನಿಂದ ಬಡಿಸುತ್ತಾರೆ. ಒಲೆ, ಕತ್ತಿ, ಉಪ್ಪಿನ ಭರಣಿ ಇರುವ ಕಡೆ ಯಾರೂ ಕಾಲಿಡುವಂತಿಲ್ಲ. ಆದರೆ ಈ ಅಡುಗೆಮನೆಗೆ ಒಂದು ಹಿಂಬಾಗಿಲು ಇತ್ತು, ಅದರ ಚಿಲಕ ಸಡಿಲವಾಗಿತ್ತು. ಕಳ್ಳರು ಅದರಲ್ಲಿ ನುಗ್ಗಿ ಮನೆಯ ಯಜಮಾನಿಕೆಯನ್ನೇ ಕಿತ್ತುಕೊಳ್ಳಬಹುದಿತ್ತು. ಆ ಚಿಲಕವನ್ನು ಸಡಿಲವಾಗಿ ಕೂರಿಸಿದ ಮೇಸ್ತ್ರಿಗಳೂ ಈಗ ಬಿಗಿ ಮಾಡಿದ ಮೇಸ್ತ್ರಿಗಳೂ ಒಬ್ಬರೇ ಎಂಬುದನ್ನು ಇಲ್ಲಿ ಎತ್ತಿ ಆಡುವುದು ಸಭ್ಯತೆಯಲ್ಲ, ಆದ್ದರಿಂದ ಎತ್ತಿ ಆಡುವುದಿಲ್ಲ.

ದುರಸ್ತಿಯ ಜೊತೆಗೆ ತಾವೊಂದು ಸೂಚನೆಯನ್ನೂ ಬಿಟ್ಟು ಹೋಗಿದ್ದಿರಿ. ಅದರ ಸಾರಾಂಶ: 'ಈ ದೋಷದಿಂದಾಗಿ ದೂರದಲ್ಲಿರುವ ವ್ಯಕ್ತಿಯೊಬ್ಬ ನಿಮ್ಮ ಯಂತ್ರದ ಒಳಕ್ಕೆ ಬರುವ ಸಾಧ್ಯತೆ ಇತ್ತು, ಇನ್ನು ಆ ಭಯವಿಲ್ಲ.' ಮಾನ್ಯರೇ, ಆ ದೂರದ ವ್ಯಕ್ತಿಯನ್ನು ತಮಗೆ ಪರಿಚಯ ಮಾಡಿಕೊಡುವ ಸಲುವಾಗಿಯೇ ಈ ಪತ್ರ.

ಅವನ ಹೆಸರು ಅಬ್ದುಲ್ಲ. ಕಕ್ಕಿಂಜೆಯವನು, ಶಾರ್ಜಾದಲ್ಲಿ ದರ್ಜಿ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೆಲ್ಲ ಕೈಯಲ್ಲಿ. ಅವನ ಹೆಂಡತಿ ಜಸ್ನಾಳೂ ಹಾಗೆಯೇ. ಜಸ್ನಾಳ ತವರು ಇದೇ ಬಂಟ್ವಾಳ, ಮದುವೆಗೆ ಮುಂಚೆ ನನ್ನಲ್ಲಿ ಟೈಪಿಂಗ್ ಕಲಿತವಳು. ಸಾಲು ಮುಗಿಯುವ ಸ್ವಲ್ಪ ಮೊದಲು ಟೈಪ್‌ರೈಟರಿನಲ್ಲಿ ಒಂದು ಪುಟ್ಟ ಗಂಟೆ ಹೊಡೆಯುತ್ತದೆ. ಅದನ್ನು ಕೇಳಿಸಿಕೊಳ್ಳದಿದ್ದರೆ ಅಕ್ಷರಗಳು ಅಂಚಿನಲ್ಲಿ ಒಂದರ ಮೇಲೊಂದು ಬೀಳುತ್ತವೆ. ಇವಳಿಗೆ ಹೇಗಪ್ಪಾ ಕಲಿಸುವುದು ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ, ಎರಡನೆಯ ದಿನವೇ ಅವಳು ಎಡಗೈಯ ಮಣಿಕಟ್ಟನ್ನು ಯಂತ್ರದ ಮೈಗೆ ತಾಗಿಸಿಟ್ಟುಕೊಂಡು, ಗಂಟೆಯ ನಡುಕವನ್ನು ಚರ್ಮದಲ್ಲೇ ತಿಳಿದುಕೊಂಡು ಸಾಲು ತಿರುಗಿಸಿದಳು. ಎರಡು ಕಿವಿ ಇದ್ದೂ ಸಾಲು ತಪ್ಪಿಸುತ್ತಿದ್ದ ಹನ್ನೆರಡು ಮಂದಿಯನ್ನು ಆ ದಿನ ನಾನು ಎಬ್ಬಿಸಿ ಅವಳ ಸುತ್ತ ನಿಲ್ಲಿಸಿ ನೋಡಲು ಹೇಳಿದ್ದೆ.

ಇಂಥ ಗಂಡಹೆಂಡಿರಿಗೆ ಫೋನಿನಿಂದ ಏನು ಪ್ರಯೋಜನ? ಊರಿನವರೆಲ್ಲ ಗಲ್ಫಿನ ಫೋನಿಗೆ ಕಿವಿ ಕೊಟ್ಟು ನಗುವಾಗ ಇವಳು ಕಾಗದ ಬರೆದುಕೊಂಡು ಕೂತಿದ್ದಳು. ಬಂಟ್ವಾಳಕ್ಕೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಅಬ್ದುಲ್ಲ ಅಲ್ಲಿಂದ ರಜೆಯಲ್ಲಿ ಬರುವವರ ಕೈಯಲ್ಲಿ ಒಂದು ಕ್ಯಾಮೆರಾ ಕಳುಹಿಸಿದ. ಅದರ ಮೇಲಿದ್ದ ಕಂಪನಿಯ ಹೆಸರನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಅದನ್ನು ನನ್ನ ಮೂರನೆಯ ಕಂಪ್ಯೂಟರಿಗೆ ಜೋಡಿಸಿದೆವು. ಅಂದಿನಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶುಕ್ರವಾರ, ಸಂಜೆ ನಾಲ್ಕೂವರೆಗೆ ಸರಿಯಾಗಿ, ಅಬ್ದುಲ್ಲ ಅಲ್ಲಿಯ ಒಂದು ಕೆಫೆಯಲ್ಲಿ ಕೂರುತ್ತಿದ್ದ, ಜಸ್ನಾ ಕಕ್ಕಿಂಜೆಯಿಂದ ಎರಡು ಬಸ್ಸು ಬದಲಿಸಿ ಇಲ್ಲಿಗೆ ಬಂದು ಕೂರುತ್ತಿದ್ದಳು. ಚಿತ್ರ ತಡವರಿಸಿ ಬರುತ್ತಿದ್ದುದರಿಂದ ಇಬ್ಬರೂ ಕೈಗಳನ್ನು ನಿಧಾನ ಆಡಿಸುವುದನ್ನು ರೂಢಿ ಮಾಡಿಕೊಂಡರು. ಬೆರಳುಗಳು ಚೆನ್ನಾಗಿ ಕಾಣಲೆಂದು ನಾನು ಹಿಂದಿನ ಗೋಡೆಗೆ ಹಸಿರು ಬಟ್ಟೆ ಕಟ್ಟಿದೆ. ಬಾಕಿ ಗಿರಾಕಿಗಳು ಮೈಕಿನಲ್ಲಿ 'ಕೇಳ್ತದಾ, ಕೇಳ್ತದಾ' ಎಂದು ಬೊಬ್ಬೆ ಹೊಡೆಯುವ ಅದೇ ಕೋಣೆಯಲ್ಲಿ ಇವರಿಬ್ಬರು ಸ್ಪೀಕರ್ ಆರಿಸಿ ಅರ್ಧ ಗಂಟೆ ಮಾತಾಡಿ ಜಗಳವಾಡಿ ರಾಜಿಯಾಗಿ ಎದ್ದು ಹೋಗುವುದನ್ನು ಎರಡು ವರ್ಷ ನೋಡಿದ್ದೇನೆ. ಜನ್ಮವಿಡೀ ಇನ್ನೊಬ್ಬರ ಬೆರಳು ನೋಡಿಕೊಂಡೇ ಬದುಕಿದವಳು ನಾನು, ಈ ಬೆರಳುಗಳಲ್ಲಿ ಒಂದು ಶಬ್ದವೂ ನನಗೆ ತಿಳಿಯುತ್ತಿರಲಿಲ್ಲ ಎಂಬುದು ಬೇರೆ ಮಾತು. ಅವರ ಭಾಷೆಯಲ್ಲಿ ನನಗೊಂದು ಹೆಸರಿದೆ ಎಂಬುದಷ್ಟೇ ಗೊತ್ತು: ಮುಂಗೈಯ ಮೇಲೆ ಎರಡು ಬೆರಳಿನಿಂದ ಟಪ ಟಪ ಬಡಿದರೆ ಅದು ಟೀಚರ್.

ಈಗ ದೂರು. ಆ ಕ್ಯಾಮೆರಾದ ಜೊತೆಗೆ ಬಂದ ಸಿ.ಡಿ.ಯ ಕಾರ್ಯಕ್ರಮವನ್ನು ಬರೆದ ಪುಣ್ಯಾತ್ಮನಿಗೆ ಶಿಷ್ಟಾಚಾರ ತಿಳಿದಿರಲಿಲ್ಲ. ಚಾವಡಿಯಲ್ಲಿ ಕುಳಿತು ಕೇಳುವ ಬದಲು ಅದು ಹತ್ತಿರದ ನೆಂಟರ ಹಾಗೆ ಅಡುಗೆಮನೆಯ ಹಿಂಬಾಗಿಲಿನಿಂದ ನೇರ ಒಳಗೆ ಹೋಗಿ ಬೇಕಾದ್ದನ್ನು ತಾನೇ ಬಡಿಸಿಕೊಳ್ಳುತ್ತಿತ್ತು. ಯಾವ ಬಾಗಿಲು ಎಂದು ಕೇಳುವಿರಾ? ತಾವು ಮುಚ್ಚಿದ್ದು ಅದನ್ನೇ. ಗುರುವಾರ ಕ್ಯಾಮೆರಾವನ್ನು ಒರೆಸಿ ಪರೀಕ್ಷಿಸಿದಾಗ ಪರದೆ ಕಪ್ಪು. ಕಳ್ಳನನ್ನೂ ಕ್ಯಾಮೆರಾವನ್ನೂ ಒಂದೇ ಪೆಟ್ಟಿಗೆ ಹೊರಹಾಕಿದ ತಮ್ಮ ಸಮದರ್ಶಿತ್ವವನ್ನು ಎಷ್ಟು ಹೊಗಳಿದರೂ ಸಾಲದು.

ತಮ್ಮ ಸಹಾಯದ ಪುಟಕ್ಕೆ ಕೂಡಲೇ ಬರೆದೆ. ಒಂದು ನಿಮಿಷದೊಳಗೆ ಉತ್ತರ ಬಂತು. ಅಷ್ಟು ಬೇಗ ಬಂದ ಉತ್ತರವನ್ನು ಯಾವ ಮನುಷ್ಯನೂ ಬರೆದಿರಲಾರ ಎಂಬ ಸಮಾಧಾನ ನನಗಿದೆ. 'ನಿಮ್ಮ ಕ್ಯಾಮೆರಾ ಅಧಿಕೃತ ಪಟ್ಟಿಯಲ್ಲಿಲ್ಲ, ಪಟ್ಟಿಯಲ್ಲಿರುವುದನ್ನು ಕೊಳ್ಳಿರಿ' ಎಂದಿತ್ತು. ಕೊಳ್ಳಲು ನಾನು ತಯಾರಿದ್ದೆ, ಆದರೆ ಮಂಗಳೂರಿನ ಅಂಗಡಿಯವರು ತರಿಸಿಕೊಡಲು ಮೂರು ವಾರ ಕೇಳಿದರು. ಮರುದಿನವೇ ಶುಕ್ರವಾರ, ಮಾತಾಡಬೇಕಾದವರು ಇಬ್ಬರೂ ಕಿವಿ ಕೇಳದವರು ಎಂದು ಮತ್ತೊಮ್ಮೆ ಬರೆದೆ. ಆಗ ತಾವು ಕೊಟ್ಟ ಎರಡು ಸಲಹೆಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಹಾಕಬೇಕೆಂದಿದ್ದೇನೆ. ಒಂದು, 'ಚಿತ್ರ ಬಾರದಿದ್ದಲ್ಲಿ ಧ್ವನಿಯನ್ನು ಮಾತ್ರ ಬಳಸಿರಿ.' ಎರಡು, 'ಹೆಚ್ಚಿನ ನೆರವಿಗೆ ದೂರವಾಣಿ ಮಾಡಿರಿ. ನಿಮ್ಮ ಮಾತನ್ನು ಕೇಳಿಸಿಕೊಳ್ಳಲು ನಮ್ಮ ಸಿಬ್ಬಂದಿ ಸದಾ ಸಿದ್ಧ.'

ಆ ಶುಕ್ರವಾರವೇ ಯಾಕೆ ಮುಖ್ಯ ಎಂಬುದನ್ನು ಇನ್ನೂ ಹೇಳಿಲ್ಲ. ಅವರಿಗೆ ಹತ್ತು ತಿಂಗಳ ಮಗಳಿದ್ದಾಳೆ, ಫರ್ಹಾನ. ಅಬ್ದುಲ್ಲ ಹೋದ ವರ್ಷ ರಜೆ ಮುಗಿಸಿ ಹಿಂದಿರುಗಿ ಹೋದ ಮೇಲೆ ಹುಟ್ಟಿದವಳು, ಅವನು ಅವಳನ್ನು ಕಂಡದ್ದೇ ಈ ಕ್ಯಾಮೆರಾದಲ್ಲಿ. ತಂದೆತಾಯಿ ಇಬ್ಬರಿಗೂ ಕೇಳುವುದಿಲ್ಲ, ಮಗುವಿಗೆ ಕೇಳುತ್ತದೆಯೇ ಎಂಬ ಒಂದೇ ಚಿಂತೆ ಮನೆಯವರಿಗೆಲ್ಲ. ಅಬ್ದುಲ್ಲ ಪ್ರತಿ ಸಲವೂ ಕಿವಿ ಮುಟ್ಟಿ, ಹುಬ್ಬು ಎತ್ತಿ ಕೇಳುತ್ತಿದ್ದ ಪ್ರಶ್ನೆ ಮಾತ್ರ ನನಗೂ ಅರ್ಥವಾಗುತ್ತಿತ್ತು. ಗುರುವಾರ ಮಂಗಳೂರಿನಲ್ಲಿ ಮಗುವಿನ ಕಿವಿಯ ಪರೀಕ್ಷೆಯಾಯಿತು. ಶುಕ್ರವಾರ ಮೂರು ಗಂಟೆಗೆ ಜಸ್ನಾ, ಮಗು, ಅತ್ತೆ ಅವ್ವಮ್ಮ, ಮೂವರೂ ಮಳೆಯಲ್ಲಿ ತೊಯ್ದು ನನ್ನ ಮೆಟ್ಟಿಲು ಹತ್ತಿದರು.

ಹತ್ತುವ ಮೊದಲೇ ಅವ್ವಮ್ಮ ಸುದ್ದಿ ಹೇಳಿಬಿಟ್ಟರು: "ಟೀಚರೇ, ಮಗುವಿಗೆ ಕೇಳ್ತದೆ ಅಂತೆ! ಸರಿಯಾಗಿ ಕೇಳ್ತದೆ ಅಂತ ಡಾಕ್ಟರೇ ಹೇಳಿದ್ದು!" ಕ್ಯಾಮೆರಾ ಸತ್ತ ವಿಷಯವನ್ನು ನಾನು ಹೇಳಿದಾಗಲೂ ಅವರು ಧೈರ್ಯ ಕಳೆದುಕೊಳ್ಳಲಿಲ್ಲ. "ಅದಕ್ಕೇನು ಮಾರಾಯ್ರೆ, ನೀವೇ ಒಂದು ಇ-ಮೈಲ್ ಹೊಡೆದು ಬಿಡಿ. ಎರಡು ಶಬ್ದದ ಕೆಲಸ ಅಲ್ವಾ?" ನನಗೂ ಅದೇ ಸರಿ ಕಂಡು ಕೀಲಿಮಣೆಯ ಮೇಲೆ ಕೈ ಇಟ್ಟೆ. ಜಸ್ನಾ ನನ್ನ ಎರಡೂ ಕೈಗಳನ್ನು ಹಿಡಿದೆತ್ತಿ ನನ್ನ ಮಡಿಲಲ್ಲಿಟ್ಟಳು. ಆಮೇಲೆ ಪೆನ್ನು ತೆಗೆದು ಚೀಟಿಯಲ್ಲಿ ಬರೆದಳು: 'ಹೇಳುವುದು ಬೇಡ. ಅವರು ನೋಡಬೇಕು.'

ಏನನ್ನು ನೋಡಬೇಕು ಎಂದು ನನಗಾಗಲಿ ಅವ್ವಮ್ಮನಿಗಾಗಲಿ ತಿಳಿಯಲಿಲ್ಲ. ಆದರೆ ಆ ಹುಡುಗಿಯ ಮುಖ ನೋಡಿದ ಮೇಲೆ ಮೈಲ್ ಹೊಡೆಯುವ ಕೈ ನನ್ನದಾಗಿ ಉಳಿದಿರಲಿಲ್ಲ.

ಮೂಡುಬಿದಿರೆಯಿಂದ ಬೆಳಿಗ್ಗೆಯೇ ಕರೆಸಿದ್ದ ಶೋಧನ್ ಆಗಿನಿಂದ ಮೂರನೆಯ ಯಂತ್ರದ ಮುಂದೆ ಕೂತಿದ್ದ. ನನ್ನ ಕಂಪ್ಯೂಟರುಗಳಿಗೆ ಜ್ವರ ಬಂದಾಗಲೆಲ್ಲ ಬಸ್ಸಿನಲ್ಲಿ ಬಂದು ವಾಸಿ ಮಾಡಿ ಹೋಗುವವನು ಅವನು. ತಮ್ಮ ಮೇಲೆ ಅವನಿಗೆ ಬಹಳ ಗೌರವ, ತಮ್ಮ ದುರಸ್ತಿಗಳು, ಅವನ ಭಾಷೆಯಲ್ಲಿ ಪ್ಯಾಚ್‌ಗಳು, ಒಂದೂ ಬಿಡದೆ ತನ್ನಿಂದ ತಾನೇ ಬಂದು ಕೂರುವಂತೆ ಮಾಡಿಟ್ಟವನು ಅವನೇ. ಅವನು ತೀರ್ಪು ಕೊಟ್ಟ: "ಟೀಚರ್, ಈ ಪ್ಯಾಚ್ ತೆಗೆದ್ರೆ ಕ್ಯಾಮೆರಾ ಬರ್ತದೆ. ಆದ್ರೆ ಬಾಗಿಲು ತೆರೆದೇ ಉಂಟು ಅಂತ ಲೆಕ್ಕ. ಆಮೇಲೆ ಯಾರು ನುಗ್ಗಿದ್ರೂ ಜವಾಬು ಕೊಡ್ಲಿಕ್ಕೆ ನಾನು ಜನ ಅಲ್ಲ." ಕದಿಯಲು ಇಲ್ಲಿ ಏನುಂಟು ಎಂದು ಕೇಳಬೇಕೆಂದಿದ್ದೆ, ಆದರೆ ಅಷ್ಟರಲ್ಲಿ ನನ್ನ ಕಣ್ಣು ಶಟರಿನ ಪಕ್ಕದ ಮೊಳೆಗೆ ಹೋಯಿತು. ತಮ್ಮಲ್ಲಿ ಮುಚ್ಚುಮರೆ ಯಾಕೆ? ನನ್ನ ಗಿರಾಕಿಗಳ ಪಾಸ್‌ವರ್ಡುಗಳೆಲ್ಲ ಒಂದು ಇನ್ನೂರು ಪುಟದ ನೋಟುಪುಸ್ತಕದಲ್ಲಿವೆ, ಆ ಪುಸ್ತಕ ಸೆಣಬಿನ ದಾರದಲ್ಲಿ ಆ ಮೊಳೆಗೆ ತೂಗುತ್ತಿರುತ್ತದೆ. ಮರೆತವರು ಬಂದು ನೋಡಿಕೊಳ್ಳಲಿ ಎಂದು ನಾನೇ ಮಾಡಿದ ಅನುಕೂಲ, ಅದರಲ್ಲಿ ಅರ್ಧದಷ್ಟು ಪಾಸ್‌ವರ್ಡುಗಳು ನನ್ನ ಅಂಗಡಿಯ ಫೋನ್ ನಂಬರೇ ಆಗಿವೆ. ಶಾರ್ಜಾದ ಆಚೆಯಿಂದ ಕರ್ನೆಲ್ ಕೊರೆದುಕೊಂಡು ಬರುವ ಕಳ್ಳ ಅಷ್ಟು ಕಷ್ಟಪಡುವ ಬದಲು ನಾಲ್ಕು ಮೆಟ್ಟಿಲು ಹತ್ತಿ ಬರಬಹುದಿತ್ತು, ಒಂದು ಲೋಟ ಚಹಾವನ್ನೂ ಕೊಡುತ್ತಿದ್ದೆ. ಈ ಪುಸ್ತಕಕ್ಕೆ ಹಾಕುವ ಪ್ಯಾಚ್ ತಮ್ಮಲ್ಲಿದ್ದರೆ ದಯವಿಟ್ಟು ಕಳುಹಿಸಿ.

ಬಾಗಿಲಿನ ವಿಷಯದಲ್ಲಿ ಬಂಟ್ವಾಳ ಪೇಟೆಯವರಿಗೂ ಸ್ವಲ್ಪ ಅನುಭವವಿದೆ ಎಂದು ವಿನಯದಿಂದ ತಿಳಿಸುತ್ತೇನೆ. ನನ್ನ ಅಜ್ಜ ಸುಬ್ಬಯ್ಯನವರು ಇದೇ ಕಟ್ಟಡದಲ್ಲಿ ಅಕ್ಕಿ ಬೇಳೆಯ ಜೀನಸು ಮಾರುತ್ತಿದ್ದರು. ನೆರೆ ಏರುತ್ತದೆಂದರೆ ಅವರು ಸಾಮಾನನ್ನು ಅಟ್ಟಕ್ಕೆ ಏರಿಸಿ ಮುಂಬಾಗಿಲು, ಹಿಂಬಾಗಿಲು ಎರಡನ್ನೂ ತೆರೆದಿಟ್ಟು ಹೋಗುತ್ತಿದ್ದರು. ಬಂದ ನೀರು ಹಿಂದಿನಿಂದ ಹೋಗಬೇಕು, ದಾರಿ ಕೊಡದಿದ್ದರೆ ಗೋಡೆಯನ್ನು ಹೊತ್ತುಕೊಂಡು ಹೋಗುತ್ತದೆ ಎನ್ನುವುದು ಅವರ ಲೆಕ್ಕ. ಪಕ್ಕದ ಅಂಗಡಿಯವರು ಎರಡಕ್ಕೂ ಹೊಸ ಬೀಗ ಹಾಕಿದ ವರ್ಷ ಬೀಗಗಳು ಉಳಿದವು, ಗೋಡೆ ಉಳಿಯಲಿಲ್ಲ. ನೆರೆಯ ಬುದ್ಧಿಯನ್ನು ಕಂಪ್ಯೂಟರಿಗೆ ಉಪಯೋಗಿಸಬಾರದೆಂದು ಶೋಧನ್ ಹೇಳಿದ. ನನ್ನಲ್ಲಿ ಬೇರೆ ಬುದ್ಧಿ ಇರಲಿಲ್ಲ. ಉಳಿದ ಮೂರು ಯಂತ್ರಗಳ ವಯರು ಕಿತ್ತು, ಮೂರನೆಯದರಿಂದ ತಮ್ಮ ದುರಸ್ತಿಯನ್ನು ತೆಗೆದುಹಾಕಲು ಹೇಳಿದೆ. 'ಖಂಡಿತವಾಗಿಯೂ ತೆಗೆಯಬೇಕೇ?' ಎಂದು ತಾವು ಮೂರು ಸಲ ಕೇಳಿದಿರಿ. ಹಾಕುವಾಗ ಒಂದು ಸಲವೂ ಕೇಳದವರು ತೆಗೆಯುವಾಗ ತೋರಿಸಿದ ಆ ಅಕ್ಕರೆಗೆ ಕಣ್ಣು ತುಂಬಿ ಬಂತು.

ನಾಲ್ಕು ಮೂವತ್ತೆರಡಕ್ಕೆ ಪರದೆಯ ಮೇಲೆ ಅಬ್ದುಲ್ಲ ಬಂದ. ಬಂದವನೇ ಕಿವಿ ಮುಟ್ಟಿ ಹುಬ್ಬು ಎತ್ತಿದ. ಜಸ್ನಾ ನನ್ನ ಕಡೆ ತಿರುಗಿ ಮುಂಗೈ ಮೇಲೆ ಟಪ ಟಪ ಬಡಿದು, ಎರಡು ವರ್ಷದಿಂದ ಅವರ ಸಮಯದಲ್ಲಿ ಒಮ್ಮೆಯೂ ಹಾಕದಿದ್ದ ಸ್ಪೀಕರ್ ಪೆಟ್ಟಿಗೆಯನ್ನು ತೋರಿಸಿದಳು. ಹಾಕಿದೆ. ಮಗುವನ್ನು ಕ್ಯಾಮೆರಾಕ್ಕೆ ಬೆನ್ನು ಮಾಡಿ ಅವ್ವಮ್ಮನ ತೊಡೆಯ ಮೇಲೆ ಕೂರಿಸಿದಳು, ಕೈಗೊಂದು ಗಿಲಕಿ ಕೊಟ್ಟಳು. ಆಮೇಲೆ ಗಂಡನಿಗೆ ಏನೋ ಹೇಳಿದಳು. ಅವನು ತಲೆ ಅಲ್ಲಾಡಿಸಿದ. ಮತ್ತೆ ಹೇಳಿದಳು. ಅವನು ಹಿಂದೆ ಮುಂದೆ ಕೂತವರನ್ನು ನೋಡಿ, ನಾಚಿಕೆಯಿಂದ ಮತ್ತೆ ತಲೆ ಅಲ್ಲಾಡಿಸಿದ. ಅವ್ವಮ್ಮ ಸೊಸೆಯ ಕೈ ನೋಡಿ ನನ್ನ ಕಿವಿಯಲ್ಲಿ ಹೇಳಿದರು: "ಕರೀರಿ ಅಂತಿದ್ದಾಳೆ ಟೀಚರೇ, ಬಾಯಲ್ಲಿ ಕರೀರಿ ಅಂತ. ಅವನು ಕರೆಯುದಿಲ್ಲ. ಸಣ್ಣದಿರುವಾಗ ಮಕ್ಕಳೆಲ್ಲ ನಗಾಡಿದ ಮೇಲೆ ಬಾಯಿ ಬಿಟ್ಟವನೇ ಅಲ್ಲ."

ಜಸ್ನಾ ಎಡಗೈಯ ಮಣಿಕಟ್ಟನ್ನು ಸ್ಪೀಕರ್ ಪೆಟ್ಟಿಗೆಯ ಮೇಲಿಟ್ಟು ಕಾದಳು. ಟೈಪ್‌ರೈಟರಿನ ಮೇಲೆ ಇಡುತ್ತಿದ್ದಳಲ್ಲ, ಹಾಗೆಯೇ.

ಆಗ ಅಬ್ದುಲ್ಲ ಕಣ್ಣು ಮುಚ್ಚಿ ಕರೆದ. ಅದು ಹೆಸರಾಗಿರಲಿಲ್ಲ, ಶಬ್ದವೂ ಆಗಿರಲಿಲ್ಲ. ಒರಟಾಗಿ, ಏರಿಳಿದು ಬಂದ ಒಂದು ಕೂಗು, ತಾನೇ ಎಂದೂ ಕೇಳದ ತನ್ನ ಧ್ವನಿ. ಜಸ್ನಾಳ ಮಣಿಕಟ್ಟು ನಡುಗಿದ್ದನ್ನು ನಾನು ಕಂಡೆ. ಫರ್ಹಾನ ಗಿಲಕಿ ಬಿಟ್ಟು ಪೂರ್ತಿ ತಿರುಗಿ ಪೆಟ್ಟಿಗೆಯನ್ನು ನೋಡಿ, ಆಮೇಲೆ ಪರದೆಯನ್ನು ನೋಡಿ ನಕ್ಕಳು.

ನಮ್ಮ ಚಿತ್ರ ಅಲ್ಲಿಗೆ ಮುಟ್ಟಲು ಎರಡು ಸೆಕೆಂಡು ಬೇಕು. ಆ ಎರಡು ಸೆಕೆಂಡು ಅವನು ಕಣ್ಣು ತೆರೆದು ಕಾಯುತ್ತಿದ್ದ. ಆಮೇಲೆ ಅವನಿಗೆ ಮಗಳು ತಿರುಗಿದ್ದು ಕಂಡಿತು. ಅವನು ಮತ್ತೆ ಕರೆದ, ಅವಳು ಮತ್ತೆ ನಕ್ಕಳು. ಮೂರನೆಯ ಸಲ ಅವನು ಯಾರ ಹಂಗೂ ಇಲ್ಲದೆ ಗಂಟಲು ಹರಿಯುವಂತೆ ಕರೆದ, ಅಲ್ಲಿ ಅವನ ಹಿಂದೆ ಕೂತಿದ್ದವರೆಲ್ಲ ಎದ್ದು ನಿಂತದ್ದು ನಮಗೆ ಕಾಣುತ್ತಿತ್ತು. ಅವ್ವಮ್ಮ ಮಗುವನ್ನು ಅಪ್ಪಿಕೊಂಡು, "ಇಪ್ಪತ್ತು ವರ್ಷ ಆಯ್ತು ಟೀಚರೇ, ನನ್ನ ಮಗನ ಸ್ವರ ಕೇಳದೆ" ಎಂದರು. ತಮ್ಮ ಮಹಾ ಭಕ್ತನಾದ ಶೋಧನ್ ಮಳೆ ನೋಡುವ ನೆಪದಲ್ಲಿ ಶಟರಿನ ಹತ್ತಿರ ಹೋಗಿ ನಿಂತ. ನಾನು ಅತ್ತೆ, ನಾಚಿಕೆ ಏನಿಲ್ಲ.

ಇಪ್ಪತ್ತೆರಡು ನಿಮಿಷದ ನಂತರ ಕ್ಯಾಮೆರಾ ಆರಿಸಿ ತಮ್ಮ ದುರಸ್ತಿಯನ್ನು ಮತ್ತೆ ಸಕಲ ಗೌರವಗಳೊಂದಿಗೆ ಹಾಕಿಸಿದೆ. ತಾವು ಹೇಳಿದ್ದು ನಿಜ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳದಿದ್ದರೆ ಪತ್ರ ಅಪ್ರಾಮಾಣಿಕವಾದೀತು. ಆ ಇಪ್ಪತ್ತೆರಡು ನಿಮಿಷದಲ್ಲಿ ಕಳ್ಳನೂ ಬಂದಿದ್ದ. ಶನಿವಾರ ಬೆಳಿಗ್ಗೆ ಮೂರನೆಯ ಯಂತ್ರ ಹೊತ್ತಿಸಿದರೆ ಬೋಳುತಲೆಯಲ್ಲಿ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು, ಮುಚ್ಚಿದಷ್ಟೂ ಇನ್ನೆರಡು. ಶೋಧನ್ ಮೂರು ದಿನ ಕೂತು ಅದನ್ನು ಕಿತ್ತುಹಾಕಿದ, ಮತ್ತು ಆ ಮೂರು ದಿನವೂ 'ನಾನು ಹೇಳಿದ್ದೆ' ಎಂದ. ಹೌದು, ಅವನು ಹೇಳಿದ್ದ. ತೂತು ನಿಜ, ಕಳ್ಳನೂ ನಿಜ, ತಾವು ದೊಡ್ಡ ಕೆಲಸವನ್ನೇ ಮಾಡಿದಿರಿ. ಹಾಗಿದ್ದರೂ ಅದೇ ಶುಕ್ರವಾರ ಮತ್ತೆ ಬಂದರೆ ನಾನು ಮತ್ತೆ ಅದೇ ಬಾಗಿಲು ತೆರೆಯುತ್ತೇನೆ, ಬೇಕಾದರೆ ಮೂರರ ಬದಲು ಮೂವತ್ತು ಸಲ ಕೇಳಿ ನೋಡಿ.

ಬರುವ ಇಪ್ಪತ್ತನಾಲ್ಕು ಮತ್ತೆ ನಾಲ್ಕನೆಯ ಶುಕ್ರವಾರ, ಹೊಸ ಕ್ಯಾಮೆರಾ ಇನ್ನೂ ಬಂದಿಲ್ಲ. ಆದಕಾರಣ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಹಿಂಬಾಗಿಲನ್ನು ಮುಚ್ಚಿಯೇ ಇಡಿ, ಆದರೆ ಅದರ ಒಳಗಡೆ ಒಂದು ಸ್ಟೂಲು ಹಾಕಿ ತಮ್ಮ ಸಿಬ್ಬಂದಿಯಲ್ಲಿ ಸ್ವಲ್ಪ ಮನುಷ್ಯತ್ವ ಇರುವವರೊಬ್ಬರನ್ನು ಆ ದಿನ ನಾಲ್ಕೂವರೆಯಿಂದ ಐದರವರೆಗೆ ಕೂರಿಸಿ. ಬಾಗಿಲು ತಟ್ಟಿದವನು ಎಣ್ಣೆ ಮಾರುವವನಾದರೆ ಅಟ್ಟಿಬಿಡಲಿ, ಕೈ ಆಡಿಸುವವನಾದರೆ ಒಳಗೆ ಬಿಡಲಿ. ಇದು ಆಗುವ ಕೆಲಸವಲ್ಲ ಎಂದಾದರೆ, ಮುಂದಿನ ಸೂಚನೆಯಲ್ಲಿ ಒಂದು ವಾಕ್ಯವನ್ನಾದರೂ ತಿದ್ದಿ ಎಂದು ಕೇಳಿಕೊಳ್ಳುತ್ತೇನೆ. ದೂರದಲ್ಲಿರುವ ವ್ಯಕ್ತಿಯೊಬ್ಬ ಒಳಕ್ಕೆ ಬರಬಹುದು ಎಂದು ಹೆದರಿಸುವವರು, ಬಂದವನು ಯಾರೆಂದು ಒಮ್ಮೆ ತಿರುಗಿ ನೋಡುವುದನ್ನೂ ಕಲಿಯಬೇಕು. ಹತ್ತು ತಿಂಗಳ ಮಗುವೊಂದು ನೋಡಿತು.

ಮೆಟ್ಟಿಲ ನೀರು ಈಗ ಮೂರನೆಯದಕ್ಕೆ ಬಂದಿರುವುದರಿಂದ ಪತ್ರ ಇಲ್ಲಿಗೆ ನಿಲ್ಲಿಸಿ, ಕಂಪ್ಯೂಟರುಗಳನ್ನು ಅಟ್ಟಕ್ಕೆ ಏರಿಸಿ, ಎರಡೂ ಬಾಗಿಲು ತೆರೆದಿಟ್ಟು ಹೊರಡುತ್ತಿರುವ,

ತಮ್ಮ ವಿಶ್ವಾಸಿ,
ವಿನೋದಾ

ತಾ.ಕ.: ಜಸ್ನಾ ತಮ್ಮ ವಿಭಾಗಕ್ಕೂ ಒಂದು ಹೆಸರು ಇಟ್ಟಿದ್ದಾಳೆ. ಅದನ್ನು ಮೊದಲ ಸಲ ಕೈಯಲ್ಲಿ ಮಾಡಿ ತೋರಿಸಿದಾಗ ಅವ್ವಮ್ಮ ಸೆರಗಿನಿಂದ ಮಗುವಿನ ಕಣ್ಣು ಮುಚ್ಚಿದರು. ಇಪ್ಪತ್ತಾರು ವರ್ಷ ಕಲಿಸಿದ ಯಾವ ಕೀಲಿಮಣೆಯಲ್ಲೂ ಅದನ್ನು ಟೈಪ್ ಮಾಡುವ ಉಪಾಯ ನನಗೆ ಕಾಣಲಿಲ್ಲ, ತಮ್ಮ ದೂರವಾಣಿಯಲ್ಲಿ ಹೇಳೋಣವೆಂದರೆ ಅದು ಕೇಳುವಂಥದ್ದಲ್ಲ. ತಮ್ಮಲ್ಲಿ ಕ್ಯಾಮೆರಾ ನಡೆಯುವ ಯಂತ್ರ ಒಂದಾದರೂ ಉಳಿದಿದ್ದರೆ ತಿಳಿಸಿ. ಶುಕ್ರವಾರ ನಾಲ್ಕೂವರೆಗೆ ಅವಳು ಖುದ್ದಾಗಿ, ನಿಧಾನವಾಗಿ, ತಮಗೆ ಅರ್ಥವಾಗುವವರೆಗೆ ತೋರಿಸುತ್ತಾಳೆ.